ಲಾಕ್ ಆದ ಕ್ರಿಪ್ಟೋ ಅಕೌಂಟು, ಬೂಸ್ಟು ಹಿಡಿದ ಹನ್ನೆರಡು ಪದ

ಪ್ರಶ್ನೆ: ನಮ್ದು ನಾಪೋಕ್ಲು ಹತ್ರ ಸಣ್ಣ ಕಾಫಿ ತೋಟ. 2021ರಲ್ಲಿ ಕಾಫಿ ಮಾರಿದ ದುಡ್ಡಲ್ಲಿ ಸ್ವಲ್ಪ ತೆಗೆದು ಒಂದು ಭಾರತೀಯ ಎಕ್ಸ್‌ಚೇಂಜಲ್ಲಿ (ಕ್ರಿಪ್ಟೋ ಕೊಳ್ಳೋ ಮಾರೋ ಆನ್‌ಲೈನ್ ಕಂಪನಿ) ಬಿಟ್‌ಕಾಯಿನ್ ತಗೊಂಡಿದ್ದೆ, ಹೋದ ವರ್ಷ ಅದ್ರಲ್ಲಿ ಸ್ವಲ್ಪ ಮಾರಿದ್ದೂ ಉಂಟು. ಈ ಮಳೇಲಿ ತೋಡು ದಾಟುವಾಗ ಫೋನ್ ನೀರಿಗೆ ಬಿತ್ತು, ಅಕ್ಕಿ ಡ್ರಮ್ಮಲ್ಲಿ ಮೂರು ದಿನ ಇಟ್ರೂ ಆನ್ ಆಗ್ಲಿಲ್ಲ. ಮಡಿಕೇರಿಗೆ ಹೋಗಿ ಹೊಸ ಫೋನು, ಅದೇ ನಂಬರಿಗೆ ಡುಪ್ಲಿಕೇಟ್ ಸಿಮ್ಮು ತಗೊಂಡು ಅವತ್ತೇ ರಾತ್ರಿ ಲಾಗಿನ್ ಮಾಡಿದ್ರೆ ಒಟಿಪಿ ಬರ್ಲೇ ಇಲ್ಲ. ಇಪ್ಪತ್ತು ಸಲ ಒತ್ತಿರ್ಬಹುದು, ಪಾಸ್‌ವರ್ಡೂ ತಪ್ಪಾಯ್ತು, ಅಕೌಂಟ್ ಲಾಕ್ ಆಯ್ತು. ಆಮೇಲೆ ಟೆಲಿಗ್ರಾಮಲ್ಲಿ ಒಬ್ರು ರಿಕವರಿ ಎಕ್ಸ್‌ಪರ್ಟ್ ಅಂತ ಸಿಕ್ಕಿ 3,500 ತಗೊಂಡ್ರು, ಸ್ಕ್ರೀನ್ ಶೇರ್ ಮಾಡಿಸಿದ್ರು, ಈಗ ಇನ್ನೂ 12,000 ಹಾಕಿದ್ರೆ ಇವತ್ತೇ ಓಪನ್ ಅಂತಿದಾರೆ. ಹಾಕ್ಲಾ?

ಉತ್ತರ: ಹಾಕ್ಬೇಡಿ. ಪತ್ರ ಓದಿ ಹೊಟ್ಟೆ ಉರೀತು, ಯಾಕಂದ್ರೆ ನಿಮ್ಮ ಬಿಟ್‌ಕಾಯಿನ್ ಇನ್ನೂ ಎಲ್ಲೂ ಹೋಗಿಲ್ಲ ಅಂತ ನನಗೆ ಅನಿಸ್ತದೆ, ಹೋಗೋದಾದ್ರೆ ಈ ಮನುಷ್ಯನ ಕೈಯಿಂದಲೇ ಹೋಗೋದು. ಎಕ್ಸ್‌ಚೇಂಜ್ ಅಕೌಂಟನ್ನ ಆ ಎಕ್ಸ್‌ಚೇಂಜ್ ಬಿಟ್ಟು ಹೊರಗಿನ ಯಾರೂ ತೆಗೆಯೋಕೆ ಆಗಲ್ಲ. ಪೊಲೀಸ್ರಿಗೂ ಆಗಲ್ಲ, ನನಗೂ ಆಗಲ್ಲ. ಹಾಗಾಗಿ "ನಾನು ತೆಗೆಸಿಕೊಡ್ತೀನಿ" ಅಂತ ತಾನಾಗೇ ಮೆಸೇಜ್ ಮಾಡೋನು ಕಳ್ಳನೇ, ಅದ್ರಲ್ಲಿ ಎರಡನೇ ಯೋಚನೆ ಬೇಡ.

ಮೊದಲು ಇವತ್ತು ಮಾಡ್ಬೇಕಾದ ಕೆಲಸ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ 3,500 ಹೋದ ಟ್ರಾನ್ಸಾಕ್ಷನ್ನಿನ ಯುಟಿಆರ್ ನಂಬರ್ (ಪ್ರತಿ ಪಾವತಿಗೂ ಬ್ಯಾಂಕ್ ಕೊಡೋ ಗುರುತಿನ ನಂಬರ್) ಕೊಟ್ಟು ಕಂಪ್ಲೇಂಟ್ ಬರೆಸಿ, ಲೈನ್ ಸಿಗ್ಲಿಲ್ಲ ಅಂದ್ರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಲ್ಲಿ ಹಾಕಿ, ಮಡಿಕೇರಿಯ ಸಿಇಎನ್ ಠಾಣೆಗೂ (ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ) ಹೋಗ್ಬಹುದು. ದುಡ್ಡು ಸಣ್ಣದು ಅಂತ ಬಿಡ್ಬೇಡಿ, ನಾಳೆ ಅವನು ಸ್ಕ್ರೀನ್ ಶೇರಲ್ಲಿ ಸಿಕ್ಕಿರಬಹುದಾದ ನಿಮ್ಮ ಆಧಾರ್ ಫೋಟೋ ಇಟ್ಕೊಂಡು ಬೇರೆ ಏನಾದ್ರೂ ಮಾಡಿದ್ರೆ ಇವತ್ತಿನ ತಾರೀಕಿನ ಕಂಪ್ಲೇಂಟೇ ನಿಮ್ಮನ್ನ ಕಾಯೋದು. ಚಾಟ್ ಡಿಲೀಟ್ ಮಾಡೋ ಮೊದ್ಲು ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಆಮೇಲೆ ಬ್ಲಾಕ್.

ಅವನು ಹಾಕಿಸಿದ ಸ್ಕ್ರೀನ್ ಶೇರ್ ಆಪ್ ತೆಗೆದುಬಿಡಿ, ನಿಮ್ಮ ಇಮೇಲ್ ಪಾಸ್‌ವರ್ಡನ್ನ ಮನೆಯವರ ಬೇರೆ ಫೋನಿಂದ ಬದಲಾಯಿಸಿ. ಬದಲಾಯಿಸಿದ್ರೆ ಮುಗೀತು ಅಂತಲ್ಲ, ಜನ ಎಡವೋದು ಇಲ್ಲೇ. ಇಮೇಲ್ ಸೆಟ್ಟಿಂಗ್ಸಲ್ಲಿ ಫಾರ್ವರ್ಡಿಂಗ್ ಅಂತ ಒಂದು ಜಾಗ ಉಂಟು, ಫಿಲ್ಟರ್ ಅಂತ ಇನ್ನೊಂದು, ಅಲ್ಲಿ ನಿಮಗೆ ಗೊತ್ತಿಲ್ಲದ ಅಡ್ರೆಸ್ ಕೂತಿದ್ರೆ ನಿಮಗೆ ಬರೋ ಪ್ರತಿ ಮೇಲೂ ಸದ್ದಿಲ್ಲದೆ ಅವನಿಗೂ ಹೋಗ್ತಿರ್ತದೆ, ಎಕ್ಸ್‌ಚೇಂಜ್ ಕಳಿಸೋ ರಿಸೆಟ್ ಲಿಂಕೂ ಸೇರಿ. ಯಾವ್ಯಾವ ಡಿವೈಸಲ್ಲಿ ಲಾಗಿನ್ ಆಗಿದೆ ಅಂತಾನೂ ನೋಡಿ, ಪರಿಚಯ ಇಲ್ಲದ್ದನ್ನೆಲ್ಲ ಹೊರಗೆ ಹಾಕಿ. ಇಮೇಲ್ ಗಟ್ಟಿಯಾಗದೆ ಎಕ್ಸ್‌ಚೇಂಜ್ ಕಡೆ ತಲೆ ಹಾಕ್ಬೇಡಿ.

ಇನ್ನು ಒಟಿಪಿ ಯಾಕೆ ಬರ್ಲಿಲ್ಲ ಅಂದ್ರೆ, ಡುಪ್ಲಿಕೇಟ್ ಸಿಮ್ ಆಕ್ಟಿವೇಟ್ ಆದ ಮೇಲೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಿರ್ತಾರೆ. ನಿಮ್ಮ ನಂಬರನ್ನ ಬೇರೆಯವರು ಸಿಮ್ ಬದಲಾಯಿಸಿ ಹೊಡ್ಕೊಂಡ್ರೆ ಅವರ ಕೈಗೆ ಒಟಿಪಿ ತಕ್ಷಣ ಸಿಗಬಾರ್ದು ಅಂತ ಮಾಡಿದ್ದು ಅದು. ಕಾಲ್ ಬರ್ತದೆ, ಡೇಟಾ ಓಡ್ತದೆ, ಮೆಸೇಜ್ ಮಾತ್ರ ಬರಲ್ಲ, ಅದಕ್ಕೇ ಎಲ್ಲರೂ ಎಕ್ಸ್‌ಚೇಂಜೇ ಕೆಟ್ಟಿದೆ ಅಂದ್ಕೊಂಡು ಒತ್ತಿ ಒತ್ತಿ ಲಾಕ್ ಮಾಡ್ಕೊಳ್ಳೋದು. ನೀವು ಒಂದು ದಿನ ಸುಮ್ಮನೆ ಇದ್ದಿದ್ರೆ ಬಹುಶಃ ಈ ಪತ್ರವೇ ಬರೀಬೇಕಾಗಿರ್ಲಿಲ್ಲ.

ಒಟಿಪಿ ಜೊತೆ ಅಥೆಂಟಿಕೇಟರ್ ಆಪ್ (ಲಾಗಿನ್ನಿಗೆ ಫೋನಲ್ಲೇ ಆರಂಕಿ ಕೋಡ್ ತೋರಿಸೋ ಆಪ್) ಕೂಡ ಇಟ್ಟಿದ್ರೋ ಇಲ್ವೋ ನೀವು ಬರ್ದಿಲ್ಲ. ಇಟ್ಟಿದ್ರೆ, ಹೊಸ ಫೋನಲ್ಲಿ ಹಳೇ ಗೂಗಲ್ ಅಕೌಂಟಿಂದಲೇ ಅದನ್ನ ತೆರೆದು ನೋಡಿ. 2023ರ ಏಪ್ರಿಲಿಂದ ಗೂಗಲ್ ಅಥೆಂಟಿಕೇಟರಿಗೆ ಅಕೌಂಟ್ ಬ್ಯಾಕಪ್ ಬಂದಿದೆ, ನೀವು ಅದನ್ನ ಆನ್ ಮಾಡಿದ್ರೆ ಕೋಡುಗಳು ತಾವೇ ಬರ್ತವೆ. ಬಂದ ಕೋಡ್ ತಪ್ಪು ಅಂತ ತೋರಿಸಿದ್ರೆ ಫೋನಿನ ಗಡಿಯಾರ ಆಟೋಮ್ಯಾಟಿಕ್ ಉಂಟಾ ನೋಡಿ, ಆ ಆರಂಕಿ 30 ಸೆಕೆಂಡಿಗೊಂದು ಸಲ ಟೈಮ್ ಲೆಕ್ಕದಲ್ಲೇ ಬದಲಾಗೋದು, ಗಡಿಯಾರ ಎರಡು ನಿಮಿಷ ಹಿಂದಿದ್ರೂ ಕೋಡ್ ಹೊಂದಲ್ಲ. ಬ್ಯಾಕಪ್ ಇಲ್ಲ ಅಂದ್ರೆ ನೀರಿಗೆ ಬಿದ್ದ ಆ ಹಳೇ ಫೋನನ್ನ ದಯವಿಟ್ಟು ಎಸೀಬೇಡಿ, ಫೋನ್ ಅಂಗಡಿಯ ಎಕ್ಸ್‌ಚೇಂಜ್ ಆಫರಿಗೂ ಕೊಡ್ಬೇಡಿ. ಬೋರ್ಡ್ ಬಿಚ್ಚಿ ಕ್ಲೀನ್ ಮಾಡೋ ಅಂಗಡೀಲಿ ಎದುರಿಗೇ ಕೂತು ಮಾಡಿಸಿ, ಒಂದು ಹತ್ತು ನಿಮಿಷ ಆನ್ ಆದ್ರೆ ಸಾಕು, ಕೋಡುಗಳನ್ನ ಹೊಸ ಫೋನಿಗೆ ದಾಟಿಸ್ಬಹುದು.

ಇಷ್ಟಾದ ಮೇಲೆ ಎಕ್ಸ್‌ಚೇಂಜ್. ಗೂಗಲಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕ್ಬೇಡಿ, ಮೇಲೆ ಬರೋ ಜಾಹೀರಾತು ಎಷ್ಟೋ ಸಲ ನಕಲಿ ಇರ್ತದೆ. ನೀವು ಕಳಿಸಿದ ಸ್ಕ್ರೀನ್‌ಶಾಟಲ್ಲಿ ಅವನು ಕೊಟ್ಟ ಲಿಂಕ್ ನೋಡಿದೆ, ಹೆಸರಲ್ಲಿ ಒಂದು ಎನ್ ಜಾಗದಲ್ಲಿ ಎರಡು ಎನ್, ಬಣ್ಣ ಲೋಗೋ ಎಲ್ಲಾ ಅಸಲಿ ತರಾನೇ. 2021ರಲ್ಲಿ ಅಕೌಂಟ್ ತೆರೆದಾಗ ಎಕ್ಸ್‌ಚೇಂಜಿಂದ ಬಂದ ಮೊದಲ ಮೇಲ್ ಹುಡುಕಿ, ಅದ್ರಲ್ಲಿರೋ ಅಡ್ರೆಸ್ಸನ್ನ ಅಕ್ಷರ ಅಕ್ಷರ ನೋಡಿ ಕೈಯಾರೆ ಟೈಪ್ ಮಾಡಿ ಹೋಗಿ. ಅಲ್ಲಿ ಪಾಸ್‌ವರ್ಡ್ ಮರೆತೆ, ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಮೇಲೆ ಕೇಳೋ ಎರಡನೇ ಕೋಡ್) ಕಳೆದುಹೋಯ್ತು ಅನ್ನೋ ದಾರಿ ಇರ್ತದೆ, ಒಂದೇ ಟಿಕೆಟ್ ಹಾಕಿ, ಮುಂದಿನದ್ದೆಲ್ಲ ಅದಕ್ಕೇ ರಿಪ್ಲೈ ಮಾಡಿ. ಪ್ಯಾನ್, ಸೆಲ್ಫಿ, ತಾರೀಕು ಬರೆದ ಚೀಟಿ ಹಿಡ್ಕೊಂಡ ಫೋಟೋ ಕೇಳ್ಬಹುದು, ಅದು ಸರಿಯೇ. ಪಾಸ್‌ವರ್ಡ್, ಒಟಿಪಿ ಅಥವಾ "ಸೇಫ್ ವಾಲೆಟ್ಟಿಗೆ ಕಳಿಸಿ" ಅಂತ ಅಸಲಿ ಸಪೋರ್ಟ್ ಯಾವತ್ತೂ ಕೇಳಲ್ಲ.

ಅಕೌಂಟ್ ನಿಮ್ದೇ ಅಂತ ತೋರಿಸೋಕೆ ಒಳ್ಳೇ ದಾಖಲೆ ನಿಮ್ಮ ಹತ್ರ ಆಗಲೇ ಉಂಟು, ಅದು ಜನಕ್ಕೆ ಹೊಳೆಯಲ್ಲ. 2022ರ ಜುಲೈ 1ರಿಂದ ಕ್ರಿಪ್ಟೋ ಮಾರಿದಾಗ 1% ಟಿಡಿಎಸ್ (ಮೊದಲೇ ಮುರ್ಕೊಳ್ಳೋ ಆದಾಯ ತೆರಿಗೆ) ಹಿಡೀತಾರೆ, ಹೋದ ವರ್ಷ ಮಾರಿದ್ದೆ ಅಂದ್ರಲ್ಲ, ನಿಮ್ಮ ಪ್ಯಾನಿನ ಫಾರ್ಮ್ 26ಎಎಸ್ (ಹಿಡಿದ ತೆರಿಗೆಯ ಪಟ್ಟಿ) ತೆಗೆದ್ರೆ ಆ ಎಕ್ಸ್‌ಚೇಂಜಿನ ಹೆಸರು, ತಾರೀಕು, ಮೊತ್ತ ಎಲ್ಲಾ ಕೂತಿರ್ಬೇಕು. ಅದ್ರ ಜೊತೆ 2021ರಲ್ಲಿ ಬ್ಯಾಂಕಿಂದ ದುಡ್ಡು ಹಾಕಿದ ಸ್ಟೇಟ್ಮೆಂಟ್ ಪುಟ ಲಗತ್ತಿಸಿ. ರಿಸೆಟ್ ಆದ ಮೇಲೂ ಒಂದೆರಡು ದಿನ ವಿತ್‌ಡ್ರಾ ಬಂದ್ ಇಡೋದು ಸಾಮಾನ್ಯ, ಮತ್ತೆ ಗಾಬರಿಯಾಗಿ ಒತ್ತೋಕೆ ಶುರು ಮಾಡ್ಬೇಡಿ.

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು. ನಂದು ಎಕ್ಸ್‌ಚೇಂಜ್ ಅಲ್ಲ, ಫೋನಲ್ಲೇ ಇರೋ ಸ್ವಂತ ವಾಲೆಟ್. ಆಪ್ ಹೋಯ್ತು, ವಾಲೆಟ್ಟನ್ನ ಮತ್ತೆ ತೆರೆಯೋಕೆ ಬೇಕಾದ ಹನ್ನೆರಡು ಪದ ಬರೆದಿಟ್ಟ ಕಾಗದ ಬೀರುವಲ್ಲಿತ್ತು, ಮಳೆಗೆ ಬೂಸ್ಟು ಹಿಡಿದು ಎಂಟನೇ ಪದ ಅಳಿಸಿಹೋಗಿದೆ, ಇಂಗ್ಲಿಷಿನ ಆರ್, ಐ ಎರಡಕ್ಷರ ಮಾತ್ರ ಕಾಣ್ತದೆ. ಕಂಪನಿಗೆ ಬರೆದ್ರೆ ತೆಗೆದುಕೊಡ್ತಾರಾ?

ಉತ್ತರ: ಕಂಪನಿಗೆ ಆಗಲ್ಲ, ಅವರ ಹತ್ರ ನಿಮ್ಮ ಕೀ (ವಾಲೆಟ್ ತೆರೆಯೋ ಗುಟ್ಟಿನ ಸಂಖ್ಯೆ, ಆ ಹನ್ನೆರಡು ಪದದಿಂದಲೇ ಹುಟ್ಟೋದು) ಇಲ್ಲವೇ ಇಲ್ಲ. ಆದ್ರೆ ನಿಮ್ಮದು ಇವತ್ತಿನ ಪತ್ರಗಳಲ್ಲೇ ಖುಷಿಯ ಪತ್ರ, ಇದು ಸಿಗೋ ಸಾಧ್ಯತೆ ತುಂಬಾ ಉಂಟು. ಈ ಪದಗಳನ್ನ ಬೇಕಾದ ಹಾಗೆ ಆರಿಸಲ್ಲ, 2048 ಪದಗಳ ಒಂದು ಗೊತ್ತಾದ ಪಟ್ಟಿಯಿಂದಲೇ ಬರೋದು, ಆ ಪಟ್ಟಿ ಯಾರು ಬೇಕಾದ್ರೂ ನೋಡ್ಬಹುದು. ಅದ್ರಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕಕ್ಷರ ಒಂದೇ ಇರಲ್ಲ, ಅಂದ್ರೆ ನಾಲ್ಕಕ್ಷರ ಕಂಡ್ರೆ ಪದ ಗ್ಯಾರಂಟಿ. ನಿಮಗೆ ಎರಡೇ ಕಂಡಿದೆ, ಆದ್ರೂ ಆರ್ ಐ ಇಂದ ಶುರುವಾಗೋ ಪದ ಪಟ್ಟೀಲಿ ಇಪ್ಪತ್ತರ ಒಳಗೇ ಉಂಟು. ಮತ್ತೆ ಹನ್ನೆರಡನೇ ಪದದ ಒಳಗೆ ತಾಳೆ ನೋಡೋ ಒಂದು ಲೆಕ್ಕ ಅಡಗಿಸಿಟ್ಟಿರ್ತಾರೆ, ಸುಮ್ಮನೆ ಯಾವುದೋ ಪದ ಹಾಕಿದ್ರೆ ವಾಲೆಟ್ ಆಪ್ ತಪ್ಪು ಅಂತ ತಳ್ಳಿಹಾಕ್ತದೆ, ಹದಿನಾರಕ್ಕೆ ಒಂದರ ಲೆಕ್ಕದಲ್ಲಿ ಮಾತ್ರ ಒಳಗೆ ಬಿಡ್ತದೆ. ಹಾಗಾಗಿ ಕೊನೆಗೆ ಒಂದೋ ಎರಡೋ ಮೂರೋ ಉಳೀತವೆ, ನಿಮ್ಮ ಹಳೇ ಅಡ್ರೆಸ್ ಯಾವುದ್ರಲ್ಲಿ ಕಾಣ್ತದೋ ಅದೇ ನಿಮ್ದು.

ಕಾಗದ ಒದ್ದೆ ಇದ್ರೆ ಬಿಡಿಸ್ಬೇಡಿ, ಬಿಸಿಲಿಗೂ ಒಲೆ ಮೇಲೂ ಇಡ್ಬೇಡಿ, ನೆರಳಲ್ಲಿ ತಾನಾಗೇ ಒಣಗ್ಲಿ. ಬಾಲ್‌ಪೆನ್ನಲ್ಲಿ ಬರ್ದಿದ್ರೆ ಇಂಕು ಹೋದ್ರೂ ಒತ್ತಿದ ಗೆರೆ ಉಳಿದಿರ್ತದೆ, ರಾತ್ರಿ ಲೈಟ್ ಆರಿಸಿ ಟಾರ್ಚನ್ನ ಕಾಗದಕ್ಕೆ ಅಡ್ಡಡ್ಡ ಹಿಡಿದು ಹಿಂದಿನ ಬದಿಯಿಂದ ನೋಡಿ, ಇನ್ನೊಂದಕ್ಷರ ಸಿಕ್ಕೀತು. ಫೋಟೋ ಮಾತ್ರ ತೆಗೀಬೇಡಿ, ಅದು ಕ್ಲೌಡಿಗೆ ಹೋಗಿ ಕೂರ್ತದೆ. ಯಾವ ವೆಬ್‌ಸೈಟಲ್ಲೂ ಪದ ಹಾಕ್ಬೇಡಿ, ಉಳಿದ ಹನ್ನೊಂದನ್ನ ಅಕ್ಕಪಕ್ಕದ ಕಂಪ್ಯೂಟರ್ ಗೊತ್ತಿರೋ ಹುಡುಗನಿಗೂ ಹೇಳ್ಬೇಡಿ, ನಿಮಗೆ ಸುಲಭ ಆದದ್ದು ಅವನಿಗೂ ಅಷ್ಟೇ ಸುಲಭ. ಹೋದ ನಾಣ್ಯ ಬ್ಲಾಕ್‌ಚೈನಲ್ಲಿ ವಾಪಸ್ ಬರಲ್ಲ. ಸಿಕ್ಕಿದ ಮೇಲೆ ಪೆನ್ಸಿಲಲ್ಲಿ ಬರೀರಿ, ನೀರಿಗೆ ಹರಡಲ್ಲ, ಇಲ್ಲಾಂದ್ರೆ ಸ್ಟೀಲ್ ತಗಡಿನ ಮೇಲೆ ನೀವೇ ಕುಟ್ಟಿ ಕೊರೆದು ಎರಡು ಮನೇಲಿ ಇಡಿ, ನಮ್ಮ ಜೂನ್ ಜುಲೈ ಮಳೆಗೆ ಕಾಗದ ನಂಬೋ ವಸ್ತು ಅಲ್ಲ.

ಪ್ರಶ್ನೆ: ಕುಶಾಲನಗರ. ಪಿ ಟು ಪಿ ಯಲ್ಲಿ (ಎಕ್ಸ್‌ಚೇಂಜ್ ಮೂಲಕ ನೇರ ಇನ್ನೊಬ್ಬ ವ್ಯಕ್ತಿಗೆ) ಯುಎಸ್‌ಡಿಟಿ, ಅಂದ್ರೆ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ, ಮಾರಿದ್ದೆ, ಕ್ರಿಪ್ಟೋ ಅಕೌಂಟ್ ಸರಿ ಉಂಟು ಆದ್ರೆ ಬ್ಯಾಂಕ್ ಅಕೌಂಟೇ ಫ್ರೀಜ್ ಆಗಿದೆ, ನಾನೇನು ತಪ್ಪು ಮಾಡಿದೆ?

ಉತ್ತರ: ನಿಮ್ಮ ಹತ್ರ ತಗೊಂಡವನು ಯಾರನ್ನೋ ಮೋಸ ಮಾಡಿದ ದುಡ್ಡಲ್ಲಿ ನಿಮಗೆ ಕೊಟ್ಟಿರ್ಬೇಕು, ಹಾಗೆ ಆಗೋದು ಹೊಸತಲ್ಲ. ಫ್ರೀಜ್ ತೆಗೆಸಿಕೊಡ್ತೀನಿ ಅನ್ನೋ ಏಜೆಂಟ್ ಇಲ್ಲೂ ಬರ್ತಾನೆ, ಬಿಡಿ ಅವನನ್ನ. ಬ್ಯಾಂಕಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಯಾವ ರಾಜ್ಯದ ಯಾವ ಠಾಣೆ, ಕಂಪ್ಲೇಂಟ್ ಅಕ್ನಾಲೆಜ್ಮೆಂಟ್ ನಂಬರ್ ಎಷ್ಟು, ಎಷ್ಟು ದುಡ್ಡಿಗೆ ತಡೆ ಅಂತ ಕೇಳಿ. ವಿವಾದದ ಮೊತ್ತ 8,000 ಇದ್ರೆ ಪೂರ್ತಿ ಅಕೌಂಟ್ ಬದಲು ಅಷ್ಟಕ್ಕೇ ತಡೆ ಇಡಿ ಅಂತ ಬ್ಯಾಂಕನ್ನೂ ಆ ಠಾಣೆಯ ತನಿಖಾಧಿಕಾರೀನೂ ಬರೆದು ಕೇಳಿ. ಜೊತೆಗೆ ಆರ್ಡರ್ ನಂಬರ್, ಚಾಟ್, ಕೊಂಡವನ ಹೆಸರು, ದುಡ್ಡು ಬಂದ ಯುಟಿಆರ್ ಎಲ್ಲಾ ಇರ್ಲಿ, ಅವನ್ನ ಎಕ್ಸ್‌ಚೇಂಜಿಂದ ಇವತ್ತೇ ಡೌನ್‌ಲೋಡ್ ಮಾಡಿಟ್ಕೊಳ್ಳಿ.