‘ಶಂತ್ರಪಾ’ ಮತ್ತು ಹಾಡಲಾರದ ಮಕ್ಕಳು

ಓದುಗರೊಬ್ಬರು ಕೇಳಿದ್ದಾರೆ: ರಷ್ಯನ್ನರು ಪುಂಡುಪೋಕರಿಗಳನ್ನು ಅರ್ಧ ಸಿಟ್ಟಿನಿಂದ, ಅರ್ಧ ನಗೆಯಿಂದ ಬೈಯುವ ‘ಶಂತ್ರಪಾ’ ಎಂಬ ಮಾತು ಫ್ರೆಂಚಿನ ‘ಶಾಂತೆರಾ ಪಾ’, ಅಂದರೆ ‘ಇವನು ಹಾಡಲಾರ’, ಎಂಬುದರಿಂದ ಹುಟ್ಟಿತಂತೆ; ಜಮೀನ್ದಾರರ ಮನೆಯ ಫ್ರೆಂಚ್ ಮೇಷ್ಟರು ಜೀತದ ಮಕ್ಕಳ ಕಂಠ ಪರೀಕ್ಷಿಸಿ, ದನಿಯಿಲ್ಲದವರನ್ನು ಹಾಗೆಂದು ಪಕ್ಕಕ್ಕೆ ತಳ್ಳುತ್ತಿದ್ದರಂತೆ. ಇಂಥ ರಸವತ್ತಾದ ಸಂಗತಿ ನಿಮ್ಮ ಪತ್ರಿಕೆಯಲ್ಲಿ ಯಾಕೆ ಬರುವುದಿಲ್ಲ?

ಕಥೆ ಸೊಗಸಾಗಿದೆ, ಒಪ್ಪಿದೆ. ಹಿನ್ನೆಲೆಯೂ ಸುಳ್ಳಲ್ಲ. ಸಿರಿವಂತ ಜಮೀನ್ದಾರ ಕೌಂಟ್ ನಿಕೊಲಾಯ್ ಶೆರೆಮೆತೆವ್ ಮಾಸ್ಕೋ ಬಳಿಯ ತನ್ನ ಒಸ್ತಾಂಕಿನೊ ಎಸ್ಟೇಟಿನಲ್ಲಿ ನಾಟಕಶಾಲೆ ಕಟ್ಟಿಸಿ ಜೀತದಾಳುಗಳಿಂದ ಫ್ರೆಂಚ್ ಆಪೆರಾ ಹಾಡಿಸುತ್ತಿದ್ದ. ಅವರಲ್ಲೊಬ್ಬಳಾದ ಕಮ್ಮಾರನ ಮಗಳು ಪ್ರಸ್ಕೋವ್ಯಾ ಜೆಮ್ಚುಗೊವಾಳನ್ನು 1801ರಲ್ಲಿ ಮದುವೆಯೂ ಆದ. ಆದರೆ ಹಾಡುವ ಜೀತದಾಳುಗಳಿದ್ದರು ಎಂದ ಮಾತ್ರಕ್ಕೆ ಬೈಗುಳ ಅಲ್ಲೇ ಹುಟ್ಟಿತೆಂದು ಹೇಳಲಾಗದು. ಶಿಷ್ಟ ಫ್ರೆಂಚಿನಲ್ಲಿ ‘ಹಾಡಲಾರ’ ಎನ್ನಲು ‘ಶಾಂತೆರಾ’ಕ್ಕೆ ಮೊದಲು ‘ನ’ ಎಂಬ ನಿಷೇಧಪದವೂ ಬೇಕು, ಕಥೆ ಅದನ್ನು ಸದ್ದಿಲ್ಲದೆ ನುಂಗಿದೆ.

ಭಾಷಾವಿದ್ವಾಂಸ ಮ್ಯಾಕ್ಸ್ ಫಾಸ್ಮರ್ ಅವರು ರಷ್ಯನ್ ಪದಗಳ ಹುಟ್ಟನ್ನು ವಿವರಿಸಿ ಬರೆದ ನಿಘಂಟು ಈ ಫ್ರೆಂಚ್ ದಾರಿಯನ್ನು ಬಿಟ್ಟು ಹಳೆಯ ಚೆಕ್ ಭಾಷೆಯ ‘ಶಾಂತ್ರೋಕ್’, ಅಂದರೆ ಮೋಸಗಾರ, ಎಂಬುದರ ಕಡೆಗೂ ಅದರ ಹಿಂದಿನ ನಡುಗಾಲದ ಜರ್ಮನ್ ಪದದ ಕಡೆಗೂ ಕೈ ತೋರಿಸುತ್ತದೆ. ಇದೇ ಕೊನೆಯ ತೀರ್ಮಾನವಲ್ಲ, ಆದರೆ ತಪ್ಪಾಗಿದ್ದರೆ ತಪ್ಪೆಂದು ತೋರಿಸಬಹುದಾದ ಮಾತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ನೆಲೆಸಿದ್ದ ಫಾಸ್ಮರ್ ಅವರ ಗ್ರಂಥಭಂಡಾರವೂ ಹಸ್ತಪ್ರತಿಗಳೂ 1944ರ ಬಾಂಬ್ ದಾಳಿಯಲ್ಲಿ ನಾಶವಾದವು. ಅಷ್ಟಾದ ಮೇಲೂ ಅವರು ಕೆಲಸ ಮುಂದುವರಿಸಿದರು. 1950ರಿಂದ ಆ ನಿಘಂಟು ಹೈಡೆಲ್‌ಬರ್ಗಿನಲ್ಲಿ ಅಚ್ಚಾಗತೊಡಗಿತು. ಅಂಥವರ ಒಂದು ಸಾಲಿಗಿಲ್ಲದ ಮರ್ಯಾದೆ ಯಾರೋ ಕಟ್ಟಿದ ಕಥೆಗೆ ಸಿಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ರಷ್ಯನ್ ಬೈಗುಳಗಳಿಗೆ ಒಬ್ಬ ಫ್ರೆಂಚನನ್ನು ತಂದೆ ಮಾಡುವ ಚಟ ಹಳೆಯದು. ಬಿಟ್ಟಿ ಕೂಳಿಗೆ ಕಾಯುವವನನ್ನು ‘ಶರಮೀಜ್ನಿಕ್’ ಎನ್ನುತ್ತಾರೆ. ಅದಕ್ಕೂ 1812ರಲ್ಲಿ ಮಾಸ್ಕೋದಿಂದ ಹಿಮ್ಮೆಟ್ಟುತ್ತಿದ್ದ ನೆಪೋಲಿಯನ್ನನ ಸೈನಿಕರು ‘ಶೆರ್ ಆಮಿ’, ಅಂದರೆ ‘ಪ್ರಿಯ ಮಿತ್ರ’, ಎಂದು ರೈತರೆದುರು ರೊಟ್ಟಿಗೆ ಕೈಯೊಡ್ಡಿದ ಕಥೆಯಿದೆ. ಹೊಲದಲ್ಲೂ ಸಂತೆಯಲ್ಲೂ ಬೆಳೆದ ಬೈಗುಳಕ್ಕೆ ಹೀಗೆ ದಿವಾನಖಾನೆಯ ವಂಶಾವಳಿ ಹುಡುಕುವುದರಲ್ಲಿ ಬಡವರಿಗೆ ಬೈಯಲೂ ಸ್ವಂತ ಬುದ್ಧಿಯಿಲ್ಲವೆಂಬ ಧೋರಣೆಯಿದೆಯೆಂದು ನನಗನ್ನಿಸುತ್ತದೆ.

ನಿಮ್ಮ ಕುತೂಹಲ ದೊಡ್ಡದು, ಅದಕ್ಕೆ ಸಂತೋಷ. ಆದರೆ ಮೊಬೈಲಿಗೆ ಬಂದದ್ದನ್ನೆಲ್ಲ ನಂಬಿ, ಕೈಗೆಟುಕುವ ನಿಘಂಟನ್ನು ಕಪಾಟಿನಲ್ಲೇ ಬಿಡುವುದು ನಿಮ್ಮಂಥ ಹಳೆಯ ಓದುಗರಿಗೆ ತಕ್ಕದ್ದಲ್ಲ. ಮುಂದಿನ ಪತ್ರದಲ್ಲಿ ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ಬರೆಯಿರಿ. ಪರಿಶೀಲಿಸಿ ಸಂತೋಷದಿಂದ ಪ್ರಕಟಿಸುತ್ತೇನೆ.