ಹತ್ತು ಸಿಟ್ಟಿಂಗ್ ರಾಲ್ಫಿಂಗ್ ಮಾಡಿಸಿದರೆ ಬಾಗಿದ ಬೆನ್ನು ನೆಟ್ಟಗಾಗುತ್ತದೆಯೇ?

ಇಪ್ಪತ್ತೆಂಟರ ವಯಸ್ಸು, ದಿನವಿಡೀ ಲ್ಯಾಪ್‌ಟಾಪ್ ಕೆಲಸ, ಕುತ್ತಿಗೆ ಮುಂದಕ್ಕೆ ಬಂದಿದೆ, ಬೆಂಗಳೂರಿಗೆ ಹೋಗಿ ರಾಲ್ಫಿಂಗ್ (ಮೈಯನ್ನು ಕೈಯಿಂದ ಆಳವಾಗಿ ಒತ್ತುವ ಚಿಕಿತ್ಸೆ) ಮಾಡಿಸಿಕೊಳ್ಳಲೇ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್.

ನೋಡ್ರಿ, ರೊಕ್ಕ ಕಟ್ಟುವ ಮೊದಲು ನೆಲಕ್ಕೆ ಚಾಪೆ ಹಾಸಿ, ದಿಂಬಿಲ್ಲದೆ ಅಂಗಾತ ಮಲಗಿ. ಸ್ವಲ್ಪ ಹೊತ್ತಿನಲ್ಲಿ ತಲೆ, ಭುಜ ತಾವಾಗಿ ನೆಲಕ್ಕೆ ತಾಗಿದರೆ ಬಹುಮಟ್ಟಿಗೆ ಅದು ಕೂರುವ ರೂಢಿಯ ತೊಂದರೆ. ತಾಗದಿದ್ದರೆ ಒಮ್ಮೆ ತೋರಿಸಿ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಸೆಟೆದುಕೊಂಡಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತದೆಯೇ? ನಿಮ್ಮ ವಯಸ್ಸಿಗೆ ಅದನ್ನು ಕಡೆಗಣಿಸಬೇಡಿ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತ ಹೀಗೇ ಶುರುವಾಗುತ್ತದೆ. ಕೈ ಜೋಮು ಹಿಡಿಯುತ್ತಿದ್ದರೂ, ಹಿಡಿತ ಕಡಿಮೆಯಾಗಿದ್ದರೂ ಮೊದಲು ಡಾಕ್ಟರ ಹತ್ತಿರ ಹೋಗಿ. ಅಂಥ ಬೆನ್ನನ್ನು ಯಾರ ಕೈಯಲ್ಲೂ ಒತ್ತಿಸಿಕೊಳ್ಳಬೇಡಿ.

ಇನ್ನು ರಾಲ್ಫಿಂಗ್. ಅಮೆರಿಕದ ಜೀವರಸಾಯನ ವಿಜ್ಞಾನಿ ಐಡಾ ರಾಲ್ಫ್ (1896–1979) ರೂಪಿಸಿದ ಪದ್ಧತಿ ಅದು. ಸ್ನಾಯುಗಳನ್ನು ಸುತ್ತಿಕೊಂಡಿರುವ ಫ್ಯಾಸಿಯಾ ಎಂಬ ಪೊರೆಯನ್ನು ನಿಧಾನವಾಗಿ, ಆಳವಾಗಿ ಒತ್ತಿ ಮೈಯನ್ನು ನೇರಕ್ಕೆ ತರುವುದು ಅವರ ಉದ್ದೇಶ. ಮಾಡಿಸಿಕೊಂಡವರಿಗೆ ಮೈ ಹಗುರಾಗುವುದು, ಎದೆ ತೆರೆದುಕೊಳ್ಳುವುದು ನಿಜ. ಆದರೆ ಆ ಗಟ್ಟಿ ಪೊರೆ ಕೈಬಲಕ್ಕೆ ಶಾಶ್ವತವಾಗಿ ಹಿಗ್ಗುವಂಥದ್ದಲ್ಲ. ನರಗಳು ಸ್ನಾಯುವಿನ ಬಿಗಿತವನ್ನು ಬಿಟ್ಟುಕೊಡುತ್ತವೆ, ಅದೇ ಕುರ್ಚಿಯಲ್ಲಿ ಅದೇ ಭಂಗಿಯಲ್ಲಿ ಕೂತರೆ ಮತ್ತೆ ಹಿಡಿದುಕೊಳ್ಳುತ್ತವೆ.

ಅದಕ್ಕೇ, ಬರೀ ಒತ್ತಿಸಿಕೊಳ್ಳುವುದಕ್ಕಿಂತ ಸರಿಯಾಗಿ ಕೂರುವುದನ್ನು, ಏಳುವುದನ್ನು ಕಲಿಸುವ ಪದ್ಧತಿಗಳ ಪರ ನಾನು. ಅಲೆಕ್ಸಾಂಡರ್ ಟೆಕ್ನಿಕ್‌ನಲ್ಲಿ ಗುರುಗಳು ಕುತ್ತಿಗೆಗೆ ಕೈ ತಾಗಿಸಿ, ಏಳುವಾಗ ಕೂರುವಾಗ ನೀವು ಎಲ್ಲಿ ಬಿಗಿಹಿಡಿಯುತ್ತೀರಿ ಎಂಬುದನ್ನು ನಿಮಗೇ ತೋರಿಸಿಕೊಡುತ್ತಾರೆ. ಬ್ರಿಟನ್ನಿನಲ್ಲಿ ಹಳೆಯ ಬೆನ್ನುನೋವಿನ 579 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದರ 24 ಪಾಠ ಕಲಿತವರಿಗೆ ವರ್ಷದ ನಂತರ ನೋವಿನ ದಿನಗಳು ತಿಂಗಳಿಗೆ 3, ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಿಗೆ 21. ಅದು ನೋವಿನ ಲೆಕ್ಕ, ಬೆನ್ನು ಎಷ್ಟು ನೆಟ್ಟಗಾಯಿತು ಎಂಬುದರದ್ದಲ್ಲ.

ನಿಮಗೆ ಹತ್ತಿರದ ದಾರಿ ಅಯ್ಯಂಗಾರ್ ಯೋಗ. ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋಗುವ ಮುನ್ನ ನಮ್ಮ ಧಾರವಾಡದಲ್ಲೇ ಪಾಠ ಹೇಳಿದ್ದವರು ಎಂಬುದು ನನಗೆ ಬಹಳ ಹೆಮ್ಮೆ. ಹಗ್ಗ, ಬೆಲ್ಟು, ಮರದ ದಿಮ್ಮಿ ಕೊಟ್ಟು, ತಪ್ಪಿದ ಭುಜವನ್ನು ಕೈಯಿಂದ ತಿದ್ದುವ ಶಿಕ್ಷಕರನ್ನು ಹುಡುಕಿ. ಜೊತೆಗೆ ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟು ಬೇರೆ ಕೀಬೋರ್ಡ್ ಹಾಕಿಕೊಳ್ಳಿ, ಅರ್ಧ ಗಂಟೆಗೊಮ್ಮೆ ಏಳಿ. ಮೂರು ತಿಂಗಳು ಇಷ್ಟು ಮಾಡಿ, ಆಮೇಲೂ ಬೇಕೆನಿಸಿದರೆ ಬೆಂಗಳೂರಿನ ಟಿಕೆಟ್ ತೆಗೆಸಿ.