ಮಾತಾಡದ ತಮ್ಮನನ್ನು ಬದಲಿಸಬೇಡಿ

ಪ್ರಿಯ ಲೇಖಕಿಯವರೇ,

ನೀವು ಕಳಿಸಿದ ಹದಿಹರೆಯದವರ ಕಾದಂಬರಿಯನ್ನು ಕೊನೆಯ ಪುಟದವರೆಗೂ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಬರೀ ಇಷ್ಟು ಹೇಳಿ ಹಸ್ತಪ್ರತಿ ಹಿಂತಿರುಗಿಸಲು ಮನಸ್ಸು ಬರುತ್ತಿಲ್ಲ. ಇದರೊಳಗೆ ಒಂದು ಒಳ್ಳೆಯ ಕಾದಂಬರಿ ಅಡಗಿದೆ ಎಂದು ನನಗೆ ಖಾತ್ರಿಯಿರುವುದರಿಂದ ಬಿಚ್ಚಿ ಬರೆಯುತ್ತಿದ್ದೇನೆ. ಕೆಲವು ಮಾತು ಕಟುವಾಗಿ ಕೇಳಿಸಬಹುದು.

ನಾನು ಓದಿಕೊಂಡ ಕಥೆ ಇದು. ಉಡುಪಿಯ ನರ್ಸ್ ಒಬ್ಬರು ಕೆಲಸ ಸಿಕ್ಕಿ ಇಬ್ಬರು ಮಕ್ಕಳ ಜೊತೆ ಐರ್ಲೆಂಡಿನ ಸ್ಲೈಗೋ ಕೌಂಟಿಗೆ ಬರುತ್ತಾರೆ. ಆದ್ಯಾಳಿಗೆ 17, ತಮ್ಮ ಚಿರುವಿಗೆ 6. ಬಾಡಿಗೆ ಮನೆಯ ಹಿಂದಿನ ಹೊಲದಲ್ಲಿ ಊರವರು ಫೇರಿ ಕೋಟೆ ಎನ್ನುವ ಮಣ್ಣಿನ ದಿಬ್ಬ. ಅಕ್ಟೋಬರ್ 31ರ ಸೌವಿನ್ ರಾತ್ರಿ, ಅಂದರೆ ಹ್ಯಾಲೋವೀನ್ ರಾತ್ರಿ, ಆದ್ಯಾ ಅದರೊಳಗೆ ಇಳಿಯುತ್ತಾಳೆ. 300 ವರ್ಷ ವಯಸ್ಸಿನ ಫೇರಿ ರಾಜಕುಮಾರ ರೋವನ್ ಸಿಗುತ್ತಾನೆ, ಪ್ರೀತಿಯಾಗುತ್ತದೆ, ಎರಡು ಆಸ್ಥಾನಗಳ ನಡುವೆ ಯುದ್ಧವಾಗುತ್ತದೆ. ಕೊನೆಯಲ್ಲಿ ಗುಟ್ಟು ಬಯಲಾಗುತ್ತದೆ: ಇಷ್ಟು ದಿನ ಮನೆಯಲ್ಲಿ ಮಾತಾಡದೆ ಕೂತಿದ್ದ ಚಿರು ಫೇರಿಗಳು ಇಟ್ಟುಹೋದ ಬದಲಿ ಮಗು. ಅಸಲಿ ಚಿರು ಅರಳು ಹುರಿದಂತೆ ಮಾತಾಡುತ್ತಾ ಮನೆಗೆ ಬರುತ್ತಾನೆ.

ನಿಮ್ಮ ಫೇರಿಗಳ ವಿಷಯ ಮೊದಲು. ಅವರಿಗೆ ರೆಕ್ಕೆ ಇದೆ, ಬೇಸಿಗೆಯದೊಂದು ಚಳಿಗಾಲದೊಂದು ಆಸ್ಥಾನ ಇದೆ, ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ. ಈಚಿನ ಇಂಗ್ಲಿಷ್ ಫ್ಯಾಂಟಸಿ ಓದುವ ಹುಡುಗ ಹುಡುಗಿಯರಿಗೆ ಇದೆಲ್ಲ ಬಾಯಿಪಾಠ. ಸ್ಲೈಗೋದ ಹೊಲಕ್ಕೂ ಇದಕ್ಕೂ ನಂಟು ಕಡಿಮೆ. ರೆಕ್ಕೆಗಳು ಬಲಿತದ್ದು ಇಂಗ್ಲೆಂಡಿನ ರಂಗಭೂಮಿಯಲ್ಲಿ, ವಿಕ್ಟೋರಿಯಾ ಕಾಲದ ಚಿತ್ರಗಳಲ್ಲಿ. ಒಳ್ಳೆಯವರ ಗುಂಪು, ಕೆಡುಕರ ಗುಂಪು ಎಂಬ ವಿಂಗಡಣೆ ಸ್ಕಾಟ್ಲೆಂಡಿನದು. ಐರ್ಲೆಂಡಿನ ಹಳ್ಳಿಯ ಹಿರಿಯರು ಹೇಳುತ್ತಿದ್ದ ಕಥೆಗಳಲ್ಲಿ ಫೇರಿಗಳು ಎಷ್ಟೋ ಸಲ ಮನುಷ್ಯರಷ್ಟೇ ಎತ್ತರವಿರುತ್ತಾರೆ, ದನ ಸಾಕುತ್ತಾರೆ, ಹರ್ಲಿಂಗ್ ಎಂಬ ಕೋಲು ಚೆಂಡಿನ ಆಟ ಆಡುತ್ತಾರೆ, ಸಂತೆಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿದ್ದರೂ ಗುರುತು ಸಿಗುವುದಿಲ್ಲ. ನನಗೆ ಭಯ ಹುಟ್ಟಿಸುವುದು ಆ ಗುರುತು ಸಿಗದಿರುವಿಕೆ.

ನಿಮ್ಮ ಕೋಟೆಯ ವರ್ಣನೆಯಲ್ಲಿ ನೀಲಿ ಬೆಳಕು, ಹೊಳೆಯುವ ಬಾಗಿಲು, ಸ್ಫಟಿಕದ ಮೆಟ್ಟಿಲು ಬರುತ್ತವೆ. ನಿಜವಾದ ಸಂಗತಿ ಇದಕ್ಕಿಂತ ಚೆನ್ನಾಗಿದೆ. ಆ ದಿಬ್ಬಗಳಲ್ಲಿ ಹೆಚ್ಚಿನವು ಕ್ರಿ.ಶ. 500ರಿಂದ 1000ದ ನಡುವಿನ ರೈತರು ಮನೆ, ಕೊಟ್ಟಿಗೆಯ ಸುತ್ತ ಎಬ್ಬಿಸಿದ ಮಣ್ಣಿನ ಆವರಣಗಳು. ಐರ್ಲೆಂಡಿನಲ್ಲಿ ಅಂಥವು 40,000ಕ್ಕೂ ಹೆಚ್ಚು ದಾಖಲಾಗಿವೆ. ಇಷ್ಟು ಉಳಿದುಕೊಂಡದ್ದಕ್ಕೆ ಒಂದು ಮುಖ್ಯ ಕಾರಣ ಜನರ ಅಂಜಿಕೆ. ಅದರ ಮೇಲೆ ನೇಗಿಲು ಹೂಡಿದರೆ ಮನೆಯಲ್ಲಿ ಸಾವಾಗುತ್ತದೆ, ದನ ಸಾಯುತ್ತವೆ ಎಂದು ರೈತರು ಸುತ್ತು ಹಾಕಿ ಉಳುತ್ತಿದ್ದರು. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್ ಎಂಬಲ್ಲಿ ಹೆದ್ದಾರಿಗೆ ಅಡ್ಡವಿದ್ದ ಒಂಟಿ ಹಾಥಾರ್ನ್ ಮುಳ್ಳುಪೊದೆಯನ್ನು, ಅದು ಫೇರಿಗಳದು, ಕಡಿಯಬಾರದೆಂದು ಕಥೆಗಾರ ಎಡ್ಡಿ ಲೆನಿಹಾನ್ ದನಿ ಎತ್ತಿದರು. ಪೊದೆ ಉಳಿಯಿತು, ರಸ್ತೆಯ ಪಕ್ಕದಲ್ಲಿ ಈಗಲೂ ಇದೆ. ನಾಗಬನದ ಮರಕ್ಕೆ ಕೊಡಲಿ ಹಾಕಲು ಹಿಂಜರಿಯುವವರನ್ನು ನೋಡಿ ಬೆಳೆದ ಉಡುಪಿಯ ತಾಯಿಗೆ ಆ ರೈತನ ಅಂಜಿಕೆ ಒಂದು ಮಾತೂ ಇಲ್ಲದೆ ಅರ್ಥವಾಗುತ್ತದೆ. ಇಡೀ ಹಸ್ತಪ್ರತಿಯಲ್ಲಿ ಆ ತಾಯಿಗೆ ಅಂಥ ಒಂದು ಕ್ಷಣವನ್ನೂ ನೀವು ಕೊಟ್ಟಿಲ್ಲ.

ಓದಲು ಎಲ್ಲಿಗೆ ಹೋಗಬೇಕು ಎಂದು ನೀವು ಕೇಳಬಹುದು. 1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ಅಜ್ಜ ಅಜ್ಜಿ, ನೆರೆಹೊರೆಯವರಿಂದ ಕೇಳಿದ ಕಥೆಗಳನ್ನು ನೋಟ್‌ಬುಕ್‌ಗಳಲ್ಲಿ ಬರೆದುಕೊಂಡರು. ಒಟ್ಟು ಸುಮಾರು 7,40,000 ಪುಟ. ಅದೀಗ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದುವಂತಿದೆ, ಸ್ಲೈಗೋದ ಪುಟಗಳೂ ಇವೆ. ಹನ್ನೆರಡು ಹದಿಮೂರರ ಮಕ್ಕಳು ಬರೆದದ್ದು ಎನ್ನುವುದು ನಿಮಗೆ ಮುಖ್ಯವಾಗಬೇಕು, ನಿಮ್ಮ ಓದುಗರೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ಆ ಮಕ್ಕಳು ಬೆರಗನ್ನು ವರ್ಣಿಸುತ್ತಾ ಕೂರುವುದಿಲ್ಲ. ಇಂಥವರ ಹೊಲ, ಇಂಥ ಮರ, ಹೀಗಾಯಿತು ಎಂದು ಹೇಳಿ ಮುಗಿಸುತ್ತಾರೆ.

ಇನ್ನು ರೋವನ್. 300 ವರ್ಷದವನಿಗೆ 17ರ ಹುಡುಗಿಯ ಮೇಲೆ ಪ್ರೀತಿ ಯಾಕೆ ಬಂತು? ಹಸ್ತಪ್ರತಿಯಲ್ಲಿ ಉತ್ತರವಿಲ್ಲ, ಅವಳ ಕಣ್ಣುಗಳ ಬಗ್ಗೆ ಎರಡು ಪ್ಯಾರಾ ಇದೆ. ಹುಡುಗಿಯರು ಓದುವ ಪುಸ್ತಕದಲ್ಲಿ ಈ ಜೋಡಿಯನ್ನು ಆದರ್ಶವೆಂಬಂತೆ ತೋರಿಸಲು ನನ್ನಿಂದ ಆಗುವುದಿಲ್ಲ. ಸ್ಕಾಟ್ಲೆಂಡಿನ ಗಡಿಸೀಮೆಯ ಟ್ಯಾಮ್ ಲಿನ್ ಲಾವಣಿಯನ್ನು ಹುಡುಕಿ ಓದಿ. ಕವಿ ರಾಬರ್ಟ್ ಬರ್ನ್ಸ್ ಒದಗಿಸಿದ ರೂಪ 1796ರಲ್ಲಿ ಅಚ್ಚಾಯಿತು. ಅದರ ಹಲವು ರೂಪಗಳಲ್ಲಿ ಟ್ಯಾಮ್ ಲಿನ್ ಫೇರಿಯಲ್ಲ, ಫೇರಿ ರಾಣಿ ಹಿಡಿದಿಟ್ಟುಕೊಂಡ ಮನುಷ್ಯ. ರೋವನ್ ಕೂಡ ಹದಿನೇಳರಲ್ಲಿ ಕಳೆದುಹೋಗಿ, ಹೊರಗೆ ಕಾಲ ಸರಿದದ್ದೇ ತಿಳಿಯದ ಹುಡುಗನಾಗಿದ್ದರೆ? ಅವನ ಹೆಸರನ್ನು ನೆನಪಿಟ್ಟುಕೊಂಡವರು ಊರಿನಲ್ಲಿ ಯಾರೂ ಉಳಿದಿಲ್ಲದಿದ್ದರೆ? ಆಗ ಅವನ ಮಾತಿಗೆ ತೂಕ ಬರುತ್ತದೆ, ಊರು ಬಿಟ್ಟು ಬಂದ ಆದ್ಯಾಳಿಗೂ ಅವನಿಗೂ ಹಂಚಿಕೊಳ್ಳಲು ಏನಾದರೂ ಇರುತ್ತದೆ.

ಅದೇ ಲಾವಣಿಯ ನಾಯಕಿ ಜ್ಯಾನೆಟ್‌ಳನ್ನೂ ಗಮನಿಸಿ. ಅವಳಿಗೆ ಯಾವ ಮಂತ್ರಶಕ್ತಿಯೂ ಇಲ್ಲ. ಹ್ಯಾಲೋವೀನ್ ರಾತ್ರಿ ಟ್ಯಾಮ್ ಲಿನ್‌ನನ್ನು ಕುದುರೆಯಿಂದ ಎಳೆದು ಅಪ್ಪಿ ಹಿಡಿಯುತ್ತಾಳೆ. ಅವನು ಹಾವಾಗುತ್ತಾನೆ, ಕಾಡುಮೃಗವಾಗುತ್ತಾನೆ, ಕೆಂಡದಂತೆ ಸುಡುತ್ತಾನೆ, ಅವಳು ಕೈ ಬಿಡುವುದಿಲ್ಲ. ನಿಮ್ಮ ಆದ್ಯಾ ಹನ್ನೊಂದನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ರಕ್ತದಲ್ಲಿ ಎಚ್ಚೆತ್ತ ಶಕ್ತಿಯಿಂದ ಗೆಲ್ಲುತ್ತಾಳೆ. ಅಲ್ಲಿಯವರೆಗೆ ಅವಳು ಏನನ್ನೂ ಕಳೆದುಕೊಂಡಿಲ್ಲ, ಏನನ್ನೂ ಆರಿಸಿಕೊಂಡಿಲ್ಲ.

ಈಗ ಚಿರು. ನಾನು ಈ ಪತ್ರ ಬರೆಯಲು ಕೂತದ್ದೇ ಅವನಿಗಾಗಿ.

ಮೂರನೇ ಅಧ್ಯಾಯದಲ್ಲಿ ಚಿರು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಕಿಟಕಿಯುದ್ದಕ್ಕೂ ಬಣ್ಣದ ಪ್ರಕಾರ ಜೋಡಿಸುತ್ತಾನೆ. ಒಂದು ನೀಲಿ ಕಡಿಮೆ ಬೀಳುತ್ತದೆ. ಆದ್ಯಾ ಹೊರಗೆ ಮಳೆಯಲ್ಲಿ ಹೋಗಿ, ಹಗ್ಗದಿಂದ ಒಂದನ್ನು ಕಿತ್ತು ತಂದು ಅವನ ಕೈಗಿಡುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ನಿಮ್ಮ ಹಸ್ತಪ್ರತಿಯಲ್ಲಿ ಅತ್ಯಂತ ಚೆನ್ನಾಗಿರುವ ಪುಟ ಅದು. ಅಂಥ ಮಗುವನ್ನು ಕೊನೆಯಲ್ಲಿ ನಕಲಿ ಎಂದು ಹೇಳಿ ಹೊರಗೆ ಹಾಕಿದ್ದೀರಿ.

ಫೇರಿಗಳು ನಮ್ಮವರನ್ನು ಒಯ್ದು ಬದಲಿಯನ್ನು ಇಟ್ಟುಹೋಗುತ್ತಾರೆ ಎಂಬ ಈ ನಂಬಿಕೆ ಕಥೆಯಲ್ಲಷ್ಟೇ ಉಳಿದದ್ದಲ್ಲ. 1826ರಲ್ಲಿ ಕೆರ್ರಿ ಕೌಂಟಿಯಲ್ಲಿ ಮೈಕೆಲ್ ಲೇಹಿ ಎಂಬ ಮಗುವನ್ನು ಫ್ಲೆಸ್ಕ್ ನದಿಯಲ್ಲಿ ಮುಳುಗಿಸಲಾಯಿತು. ಆ ಮಗುವಿಗೆ ನಿಲ್ಲಲು, ನಡೆಯಲು, ಮಾತಾಡಲು ಬರುತ್ತಿರಲಿಲ್ಲ. ಒಳಗಿರುವ ಫೇರಿಯನ್ನು ಓಡಿಸುತ್ತೇವೆಂದು ಹಾಗೆ ಮಾಡಿದರು. 1895ರಲ್ಲಿ ಟಿಪ್ಪರೇರಿ ಕೌಂಟಿಯ ಬ್ರಿಜೆಟ್ ಕ್ಲಿಯರಿಯನ್ನು, ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಇಟ್ಟುಹೋದವಳು ಎಂದು ಗಂಡನೇ ಸುಟ್ಟ. ಮಗು ಬೇರೆ ಥರ ಇದ್ದರೆ, ಹೆಂಗಸು ಕಾಯಿಲೆ ಬಿದ್ದರೆ, ಅವರು ನಮ್ಮವರೇ ಅಲ್ಲ ಎಂದುಕೊಳ್ಳಲು ಈ ಕಥೆ ದಾರಿ ಮಾಡಿಕೊಟ್ಟಿತ್ತು. ನಿಮ್ಮ ಮುಕ್ತಾಯ ಅದೇ ದಾರಿಯಲ್ಲಿ ನಡೆದು, ಅದಕ್ಕೆ ಸಂತೋಷದ ಅಂತ್ಯ ಎಂದು ಹೆಸರಿಡುತ್ತದೆ. ಮಾತಾಡದ ತಮ್ಮನಿರುವ ಹುಡುಗಿ ಇದನ್ನು ಓದುತ್ತಾಳೆ. ಮಾತು ಬಾರದ, ಆದರೆ ಓದಲು ಬರುವ ಹುಡುಗನೂ ಓದುತ್ತಾನೆ. ಅವನಿಗೆ ಈ ಪುಸ್ತಕ ಏನು ಹೇಳುತ್ತದೆ ಎಂದು ಯೋಚಿಸಿ. ನಿಮಗೆ ಆ ಉದ್ದೇಶ ಇರಲಿಲ್ಲ ಎಂದು ನಂಬುತ್ತೇನೆ, ಆದರೂ ಪುಟದ ಮೇಲೆ ಇರುವುದು ಅದೇ.

ನಾನಾದರೆ ಹೀಗೆ ಮಾಡುತ್ತಿದ್ದೆ. ಪಕ್ಕದ ಮನೆಯ ಮುದುಕಿ ಮೊದಲ ದಿನವೇ ಚಿರುವನ್ನು ದಿಟ್ಟಿಸಿ ನೋಡಿ ಏನೋ ಗೊಣಗಲಿ. ನೈಟ್ ಡ್ಯೂಟಿ ಮಾಡಿ ದಣಿದ ಅಮ್ಮ ಒಂದು ಬೆಳಿಗ್ಗೆ ಆಡಬಾರದ ಮಾತು ಆಡಿಬಿಡಲಿ. ಆದ್ಯಾಳಿಗೂ ಅರೆಮನಸ್ಸಿನಿಂದ ಹೌದೇನೋ ಅನ್ನಿಸಲಿ, ಯಾಕೆಂದರೆ ಹಾಗೆ ಅಂದುಕೊಂಡರೆ ಅವಳ ದಿನಗಳು ಹಗುರವಾಗುತ್ತವೆ. ಆಮೇಲೆ ದಿಬ್ಬದೊಳಗಿನವರು ಚಿರುವಿನದೇ ಮುಖದ, ಮಾತಾಡುವ, ನಗುವ ಒಬ್ಬ ಹುಡುಗನನ್ನು ತಂದು ನಿಲ್ಲಿಸಿ, ಇವನನ್ನು ತಗೋ, ಅವನನ್ನು ನಮಗೆ ಕೊಡು ಎನ್ನಲಿ. ಆ ಹೊತ್ತಿನಲ್ಲಿ ಅವಳು ತಮ್ಮನನ್ನು ಅಪ್ಪಿ ಹಿಡಿಯಬೇಕು, ಜ್ಯಾನೆಟ್ ಹಿಡಿದ ಹಾಗೆ. ಮನೆಗೆ ವಾಪಸ್ ಬರುವ ಚಿರು ಆಗಲೂ ಮಾತಾಡಬಾರದು. ಈ ಒಂದು ಘಟ್ಟಕ್ಕೆ ಆಸ್ಥಾನಗಳ ಯುದ್ಧ ಯಾವುದೂ ಬೇಕಾಗಿಲ್ಲ, ಏಳರಿಂದ ಹತ್ತರವರೆಗಿನ ಅಧ್ಯಾಯಗಳನ್ನು ಪೂರ್ತಿ ತೆಗೆಯಬಹುದು.

ಅವಳು ಇದಕ್ಕೆ ಬೆಲೆ ತೆರಲೂ ಬೇಕು. ಟಾಮಸ್ ದ ರೈಮರ್ ಎಂಬ ಇನ್ನೊಂದು ಸ್ಕಾಟಿಷ್ ಲಾವಣಿಯಲ್ಲಿ ಫೇರಿ ರಾಣಿ ಅವನಿಗೆ ಸುಳ್ಳಾಡದ ನಾಲಿಗೆಯನ್ನು ಕೊಡುತ್ತಾಳೆ. ಇದನ್ನಿಟ್ಟುಕೊಂಡು ವ್ಯಾಪಾರ ಮಾಡುವುದು ಹೇಗೆ, ದೊಡ್ಡವರ ಎದುರು ಮಾತಾಡುವುದು ಹೇಗೆ ಎಂದು ಅವನು ತಕರಾರು ತೆಗೆಯುತ್ತಾನೆ. ಅಲ್ಲಿ ಸುಳ್ಳು ಹೇಳಲಾರದವನು ಮನುಷ್ಯ. ಇದು ಆದ್ಯಾಳಿಗೆ ಬಂದರೆ ಏನಾಗುತ್ತದೆ? ಅಮ್ಮ ಅಡುಗೆಮನೆಯಲ್ಲಿ ನಿಂತು, ನಿನಗೂ ಒಂದು ಕ್ಷಣ ಹಾಗೆ ಅನ್ನಿಸಿತ್ತಾ ಎಂದು ಕೇಳುತ್ತಾರೆ. ಅವಳು ನಿಜವನ್ನೇ ಹೇಳಬೇಕಾಗುತ್ತದೆ. ನನಗೆ ಆ ಸಂಭಾಷಣೆ ಓದಬೇಕು.

ಸಂಭಾಷಣೆಯ ಮಾತು ಬಂದಾಗ ಇನ್ನೊಂದು. ಉಡುಪಿಯ ಅಮ್ಮ ಮಗಳನ್ನು "ನೀನು ಸುರಕ್ಷಿತವಾಗಿರುವೆಯಾ ಮಗಳೇ" ಎಂದು ಕೇಳುವುದಿಲ್ಲ. "ಎಂತ ಮಾರಾಯ್ತಿ, ಇಷ್ಟೊತ್ತು ಎಲ್ಲಿದ್ದೆ" ಎನ್ನುತ್ತಾರೆ. ಹಾಗೆಯೇ ಅಕ್ಟೋಬರ್ ಕೊನೆಗೆ ಸ್ಲೈಗೋದಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ನೀವು ಬರೆದಂತೆ ಏಳೂವರೆಗೆ ಸಂಜೆಗೆಂಪು ಇರುವುದಿಲ್ಲ.

ಇಡೀ ಕಾದಂಬರಿಯನ್ನು ತಿದ್ದಿ ಕಳಿಸುವ ಅವಸರ ಬೇಡ. ಮೂರು ದೃಶ್ಯ ಸಾಕು: ಮುದುಕಿ ಚಿರುವನ್ನು ನೋಡುವುದು, ದಿಬ್ಬದೊಳಗಿನ ವಿನಿಮಯದ ಮಾತು, ಆಮೇಲಿನ ಅಡುಗೆಮನೆ. ಕ್ಲಿಪ್ಪಿನ ದೃಶ್ಯದ ಒಂದು ಪದವನ್ನೂ ಮುಟ್ಟಬೇಡಿ. ಬರೆದಾದ ಮೇಲೆ ಲಕೋಟೆಯ ಮೇಲೆ ನನ್ನ ಹೆಸರು ಬರೆದು ಕಳಿಸಿ, ನೇರ ನನ್ನ ಮೇಜಿಗೆ ಬರುತ್ತದೆ.

ವಿಶ್ವಾಸದಿಂದ,
ಸಂಪಾದಕಿ